ಕೊರಿಯಾದ ಸಿನಿಮಾದಲ್ಲಿ ಅಪ್ಪ

ಗ್ರೀನ್ ಕಾರ್ಡ್ ಅಂದರೆ ಧಾರವಾಡದಲ್ಲಿ ಎಲ್ಲರಿಗೂ ಅಮೆರಿಕವೇ. ನನ್ನದು ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುವ ಕಾರ್ಡು ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಸುಮ್ಮನೆ ಹೂಂ ಅನ್ನತೊಡಗಿದ್ದೆ. ನಾನು ಜರ್ಮನಿಯ ಕಲೋನ್‌ಗೆ ಬಂದ ಮೇಲೆ ಧಾರವಾಡದಲ್ಲಿ ಮಗಳು ಹುಟ್ಟಿದಳು. ತವರಿನಲ್ಲಿದ್ದ ಹೆಂಡತಿ ತನ್ನ ತಂದೆಯನ್ನು ಅಪ್ಪಾ ಎಂದು ಕರೆಯುವುದನ್ನು ಕೇಳಿ ಮಗಳೂ ಅಜ್ಜನನ್ನೇ ಅಪ್ಪಾ ಅನ್ನುತ್ತಿದ್ದಳು. ನಾನು ಫೋನ್ ಕಾಕಾ. ಮನೆಯವರಿಗೆಲ್ಲ ಅದು ತಮಾಷೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾನುವಾರ ಹೆಂಡತಿ ಮಗುವಿನ ಕಿವಿಗೆ ಫೋನ್ ಹಿಡಿದು, “ಅಪ್ಪಾ ಅನ್ನವ್ವಾ, ನಿಮ್ಮಪ್ಪ ಅದಾರ” ಎಂದು ಗೋಗರೆಯುವಳು.

“ಅಪ್ಪ ಇಲ್ಲೇ ಕುಂತಾನ” ಅನ್ನುವಳು ಮಗಳು.

ನನ್ನ ಕೆಳಗಿನ ಮನೆಯಲ್ಲಿ ಕೊರಿಯಾದ ಅಜ್ಜಿಯೊಬ್ಬರಿದ್ದರು. ನರ್ಸ್ ಆಗಿ ಬಂದು ಇಲ್ಲೇ ನಿವೃತ್ತರಾದವರು. ಒಂದು ಶನಿವಾರ, ತಮ್ಮವರ ಸಂಘದಲ್ಲಿ ಹಳೇ ಸಿನಿಮಾ ಇದೆ, ಬಾ ಎಂದರು. ಬಟ್ಟೆ ಒಗೆಯುವುದು ಬಿಟ್ಟರೆ ನನಗೇನು ಕೆಲಸ, ಹೋದೆ.

ಅವರ ಕಡೆಯ ಬಹಳ ಹಳೆಯ ಮೂಕಿ ಚಿತ್ರ. ಉಳಿದಿರುವುದು ಒಂದೇ ರೀಲಂತೆ. ಗಣಿಗೆ ದುಡಿಯಲು ಹೋದವನು ವರ್ಷಗಳ ಮೇಲೆ ಮನೆಗೆ ಬರುತ್ತಾನೆ. ಅವನ ಮುಖವನ್ನೇ ತೋರಿಸುವುದಿಲ್ಲ. ಬಾಗಿಲ ಕಲ್ಲಿನ ಮೇಲೆ ಬಿಟ್ಟ ಹುಲ್ಲಿನ ಚಪ್ಪಲಿ ಮಾತ್ರ. ಆಮೇಲೆ ಬಂದ ಅಲ್ಲಿನ ನಿರ್ದೇಶಕರು ಅದನ್ನೇ ಎತ್ತಿಕೊಂಡರಂತೆ. ಅಂಥ ತುಣುಕುಗಳನ್ನು ಮೊದಲಿಗೇ ತೋರಿಸಿದ್ದರು: ಒಂದರಲ್ಲಿ ರಬ್ಬರ್ ಚಪ್ಪಲಿ, ಇನ್ನೊಂದರಲ್ಲಿ ಸೈನಿಕನ ಬೂಟು. ಆದರೆ ಈ ಸವೆದ ಹುಲ್ಲಿನ ಚಪ್ಪಲಿಯ ಮುಂದೆ ಅವೆಲ್ಲ ಸಪ್ಪೆ. ಇವನಾದರೂ ಮನೆ ಸೇರಿದನಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಹಿಂದೆ ಕೊರಿಯಾದಲ್ಲಿ ಮೂಕಿ ಚಿತ್ರ ನಡೆಯುವಾಗ ಪರದೆಯ ಪಕ್ಕ ಒಬ್ಬ ನಿಂತು, ನಮ್ಮ ಕೀರ್ತನಕಾರರ ಹಾಗೆ, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದನಂತೆ. ಆ ದಿನ ಆ ಕೆಲಸ ಅಜ್ಜಿಯದು. ಕೊರಿಯನ್ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು, ನನಗೊಂದೂ ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ಚಪ್ಪಲಿ ನೋಡಿ ಒಳಗೆ ಓಡಿದಳು.

“ಅಪ್ಪಾ” ಎಂದರು ಅಜ್ಜಿ.

“ಹಾಂ ಪುಟ್ಟಾ” ಎಂದು ನಾನು ಓಗೊಟ್ಟುಬಿಟ್ಟೆ.

ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಕುರ್ಚಿಯಲ್ಲೇ ಕುಸಿದೆ. ಸಿನಿಮಾ ಮುಗಿದ ಮೇಲೆ ಅಜ್ಜಿ ಏನಾಯಿತೆಂದು ಕೇಳಿದರು. ನಮ್ಮಲ್ಲೂ ತಂದೆಗೆ ಇದೇ ಮಾತು ಎಂದು ನನ್ನ ಹರಕು ಜರ್ಮನ್‌ನಲ್ಲಿ ತಿಳಿಸಿದೆ. ಅವರು ಹಿಗ್ಗಿ ನನ್ನ ಕೈ ಹಿಡಿದುಕೊಂಡರು. ಹಾಗಾದರೆ ನಿನ್ನ ಮಗಳೂ ನಿನ್ನನ್ನು ಹಾಗೇ ಕರೆಯುತ್ತಾಳೆ ಅನ್ನು ಎಂದರು.

“ಯಾ” ಎಂದೆ.

ಟ್ರಾಮಿನಲ್ಲಿ ಅವರು ಪಕ್ಕದಲ್ಲಿ ಕೂತು, ಅಪ್ಪ, ಅಪ್ಪ ಎಂದು ಹೇಳಿ ಹೇಳಿ ನಗುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ.