ಏಳು ಮಂಗಳವಾರ ಕಾದ ಅಜ್ಜಿ

ಆ ಕಚೇರಿಯಲ್ಲಿ ಎಲ್ಲರೂ ಅವನನ್ನು ಪಟ್ಟಿಮಾಮ ಎನ್ನುತ್ತಿದ್ದರು. ಒಂಟಿಯಾಗಿ ಬದುಕುವ ಮುದುಕರ ಮನೆಗೆ ನರ್ಸುಗಳನ್ನು ಕಳಿಸುವ ಕಚೇರಿ ಅದು. ಯಾರನ್ನು ನೋಡಿ ಎಷ್ಟು ದಿನವಾಯಿತು ಎಂದು ತೋರಿಸುವ ಪಟ್ಟಿಯನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಹನ್ನೊಂದು ವರ್ಷದಿಂದ ಸಾಕುತ್ತಿದ್ದವನು ಇವನು. ಸಾಕುತ್ತಿದ್ದ ಎಂದೇ ಹೇಳಬೇಕು. ಸಾಕಲು ಅವನಿಗೆ ಬೇರೆ ಯಾರಿದ್ದರು? ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಬಳಕೆಗೆ ಒಂದೇ ತಟ್ಟೆ, ಒಂದೇ ಲೋಟ. ಭಾನುವಾರವಿಡೀ ಮಾತಿಲ್ಲದೆ ಕಳೆದು, ಸೋಮವಾರ ಕಚೇರಿಯಲ್ಲಿ ಬಾಯಿ ಬಿಟ್ಟರೆ ಮೊದಲ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಪಟ್ಟಿಯ ಕೆಲಸ ಸರಳ. ನೋಡಿ ಹೆಚ್ಚು ದಿನವಾದವರು ಮೇಲೆ, ನಿನ್ನೆ ಮೊನ್ನೆ ನೋಡಿದವರು ಕೆಳಗೆ. ನರ್ಸುಗಳು ಬೆಳಿಗ್ಗೆ ಮೇಲಿನ ಇಪ್ಪತ್ತು ಹೆಸರು ಬರೆದುಕೊಂಡು ಹೊರಡುತ್ತಿದ್ದರು. ಕೆಳಗೆ ಯಾರಿದ್ದಾರೆ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಿರಿಯ ನರ್ಸು ಬಂದು ಅವನ ಮೇಜಿನ ಮುಂದೆ ನಿಂತಳು.

"ಮಾಮ, ಒಬ್ರು ಅಜ್ಜಿ ಫೋನ್ ಮಾಡಿದ್ರು. ಏಳು ವಾರದ ಹಿಂದೆ ಹೆಸರು ಬರೆಸಿದ್ರಂತೆ. ಇನ್ನೂ ಯಾರೂ ಹೋಗಿಲ್ಲ. ನಿಮ್ಮ ಪಟ್ಟೀಲಿ ಇದಾರಾ?"

"ಇರದೇ ಎಲ್ಲಿ ಹೋಗ್ತಾರೆ?" ಎಂದು ಅವನು ಜಂಬದಿಂದಲೇ ಹುಡುಕಿದ.

ಇದ್ದಳು. ಮುನ್ನೂರು ಚಿಲ್ಲರೆ ಹೆಸರುಗಳ ಅಡಿಯಲ್ಲಿ. ದಿನಗಳ ಕಾಲಂನಲ್ಲಿ ಅವಳ ಚೌಕ ಖಾಲಿ. ಹಾಗೆ ತಳ ಸೇರಿದವರು ಒಟ್ಟು ಒಂಬತ್ತು ಜನ.

ಪ್ರೋಗ್ರಾಂನ ಹಳೆಯ ಸಾಲುಗಳನ್ನು ತೆರೆದು ನೋಡಿದ. ವರ್ಷಗಳ ಹಿಂದೆ ಯಾರೋ ಒಂದು ಚೌಕ ತುಂಬದೆ ಬಿಟ್ಟಾಗ, ಹೋಲಿಸಲು ಸಂಖ್ಯೆ ಸಿಗದೆ ಪ್ರೋಗ್ರಾಂ ಮಕಾಡೆ ಮಲಗಿತ್ತು. ಎಲ್ಲರೂ ಇವನ ಮೇಲೆ ಹರಿಹಾಯ್ದಿದ್ದರು. ಖಾಲಿ ಕಂಡರೆ ಸೊನ್ನೆ ಎಂದುಕೋ ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಂಡಿದ್ದ. ಆಗೆಲ್ಲ ಮನೆಗೇ ಹೋಗಿ ಹೆಸರು ಬರೆದುಕೊಳ್ಳುತ್ತಿದ್ದುದರಿಂದ, ಅದೇ ಮೊದಲ ಭೇಟಿಯೆಂದು ಲೆಕ್ಕಕ್ಕೆ ಬಂದು ಚೌಕ ಖಾಲಿ ಉಳಿಯುತ್ತಿರಲಿಲ್ಲ. ಈಗ ಎರಡು ತಿಂಗಳಿಂದ ಹೆಸರು ಬರೆಸುವುದೆಲ್ಲ ಫೋನಿನಲ್ಲಿ. ಸೊನ್ನೆ ದಿನವೆಂದರೆ ಇವತ್ತೇ ನೋಡಿ ಬಂದೆವು ಎಂದರ್ಥ. ಯಾರೂ ತುಳಿಯದ ಹೊಸ್ತಿಲನ್ನು ಇವನ ಪಟ್ಟಿ ದಿನವೂ ಇವತ್ತೇ ತುಳಿದ ಹೊಸ್ತಿಲು ಎನ್ನುತ್ತಿತ್ತು.

ಮೊದಲು ಸೊನ್ನೆಯ ಜಾಗದಲ್ಲಿ ಒಂಬತ್ತು ಸಾವಿರ ಹಾಕಿ ನೋಡಿದ. ಒಂಬತ್ತೂ ಜನ ಮೇಲೆದ್ದು ಬಂದರು. ಕಾಲಂನ ತಲೆಬರಹ ಒತ್ತಿ ಕ್ರಮ ತಿರುಗಿಸಿದ್ದೇ ತಡ, ಮತ್ತೆ ತಳಕ್ಕೆ ಇಳಿದರು. ಸುಳ್ಳು ಸಂಖ್ಯೆಯ ಸಹವಾಸವೇ ಸಾಕೆನಿಸಿತು. ಖಾಲಿಯನ್ನು ಖಾಲಿಯೆಂದೇ ಒಪ್ಪಿಕೊಂಡು, ಅವರನ್ನು ಯಾವಾಗಲೂ ಮೇಲೆಯೇ ಕೂರಿಸಿ, ತಿರುಗಿಸುವುದಿದ್ದರೆ ಉಳಿದವರನ್ನಷ್ಟೇ ತಿರುಗಿಸುವಂತೆ ಬರೆದ.

"ಅಜ್ಜಿ ಮನೆಗೆ ನಾನೂ ಬರ್ತೀನಿ" ಎಂದ.

"ನೀವಾ?" ನರ್ಸು ಕಣ್ಣರಳಿಸಿದಳು. ಇಷ್ಟು ವರ್ಷದಲ್ಲಿ ಅವನು ಪಟ್ಟಿಯ ಒಬ್ಬರ ಮುಖವನ್ನೂ ಕಂಡಿರಲಿಲ್ಲ.

ಅಜ್ಜಿ ಒಂದು ಕಾಲದಲ್ಲಿ ಹೊಲಿಗೆ ಕೆಲಸದವಳು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಾಗಿಲು ತೆರೆದಳು. ಮಂಗಳವಾರ ಬರುತ್ತೇವೆ ಎಂದಿದ್ದರಂತೆ. ಏಳು ಮಂಗಳವಾರವೂ ಹೀಗೇ ಸಿದ್ಧಳಾಗಿ ಕೂತಿದ್ದಳಂತೆ.

"ಫೋನಲ್ಲಿ ಏನಾದ್ರೂ ತಪ್ಪು ಮಾತಾಡಿಬಿಟ್ನೇನೋ ಅಂದ್ಕೊಂಡಿದ್ದೆ" ಎಂದಳು.

"ತಪ್ಪು ನಂದು ಅಜ್ಜಿ. ನನ್ನ ಪಟ್ಟೀಲಿ ನಿಮ್ಮ ಹೆಸರಿನ ಮುಂದೆ ಏನೂ ಇರ್ಲಿಲ್ಲ, ನಾನು ಸೊನ್ನೆ ಅಂದ್ಕೊಂಡೆ. ಸೊನ್ನೆ ಅಂದ್ರೆ ಇವತ್ತು ಬಂದು ಹೋಗಿದೀವಿ ಅಂತ."

ಅಜ್ಜಿ ಒಂದು ಕುರ್ಚಿ ಎಳೆದು ಅವನ ಮುಂದೆ ಇಟ್ಟಳು.

"ಹಾಗಾದ್ರೆ ನಿಮ್ಮ ಪಟ್ಟಿ ಪ್ರಕಾರ ನೀವು ದಿನಾ ಬಂದಿದೀರಿ ಅನ್ನಿ."

"ಹೂಂ ಅಜ್ಜಿ."

"ನೋಡಿ ಮತ್ತೆ, ನಂಗೇ ಗೊತ್ತಾಗ್ಲಿಲ್ಲ" ಎಂದು ನಕ್ಕಳು. "ಒಬ್ಳೇ ಇದೀನಿ ಅಂದ್ಕೊಂಡ್ಬಿಟ್ಟಿದ್ದೆ."