ಜಗಲಿಯ ಮೇಲಿದ್ದ ಸವಾರ

ನಲವತ್ತೆಂಟರ ರಜಾಕಾರರ ಗಲಾಟೆಯಲ್ಲಿ ನಮ್ಮ ಕಾಕಾ, ಅಜ್ಜಿಯ ಕಿರಿಯ ಮಗ, ಎತ್ತು ತರುತ್ತೇನೆಂದು ಮಸ್ಕಿಯ ಕಡೆ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಗೆ ಅವನ ಹೆಸರೆತ್ತಿದರೆ ಅಜ್ಜಿ ಮೈಮೇಲೆ ಏರಿ ಬರುತ್ತಿದ್ದಳು. "ಬದುಕಿದ್ದವಗ ಎಡಿ ಇಡ್ತಾರೇನ?" ಎನ್ನುವಳು. ದಿನಾ ದೇವರ ಜಗಲಿಯ ಬೆಳ್ಳಿ ದೇವಿಗೆ ವಿಭೂತಿ ಹಚ್ಚಿ, ಮಗನನ್ನು ಕಳಿಸೆಂದು ಬೇಡುವಳು.

ದೇವಿಯೆಂದರೆ ರೂಪಾಯಿಗಿಂತ ತುಸು ದೊಡ್ಡ ಬಿಲ್ಲೆ, ಅದರಲ್ಲೊಂದು ಹೆಣ್ಣಿನ ಮುಖ. ಲಿಂಗಸುಗೂರಿನಲ್ಲಿ ಇಂಗ್ಲಿಷರ ದಂಡು ಇದ್ದಾಗ ಕುದುರೆ ಲಾಯದಲ್ಲಿ ಚಾಕರಿಗಿದ್ದ ಮುತ್ತಜ್ಜ ತಂದಿಟ್ಟದ್ದಂತೆ. ಮುಖವಿದೆ, ಬೆಳ್ಳಿಯಿದೆ, ಯಾರೂ ಏನೂ ಕೇಳದೆ ಉಳಿದ ದೇವರ ಸಾಲಿನಲ್ಲಿ ಕೂರಿಸಿಬಿಟ್ಟಿದ್ದರು. ತಿಕ್ಕಿ ತಿಕ್ಕಿ ಮೂಗು ಸವೆದಿತ್ತು.

ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು, ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತಿದ್ದೆ. ಕಲಿತದ್ದನ್ನು ಎಲ್ಲಿ ಮೆರೆಸಲಿ ಎಂದು ಕಾಯುತ್ತಿದ್ದವಳು ನಾನು. ಆ ಸಲದ ಅಮಾವಾಸ್ಯೆಗೆ ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಬಿಲ್ಲೆಯ ಅಂಚಿನಲ್ಲಿ ಅಕ್ಷರ ಕಂಡವು. ಒಂದು ನಂಬರು, ಒಬ್ಬ ಗಂಡಸಿನ ಹೆಸರು, ಅವನ ಕುದುರೆ ಪಡೆಯ ಹೆಸರು; ಮುಖದ ಸುತ್ತ ರಾಣಿಯ ಹೆಸರು.

"ಅಜ್ಜೀ, ಇದು ದೇವಿ ಅಲ್ಲ. ಇಂಗ್ಲಿಷರ ರಾಣಿ. ಲಡಾಯಿ ಮಾಡಿದ್ದಕ್ಕ ಗೋರಾ ಸವಾರಗ ಕೊಟ್ಟ ತಮಗಾ, ಪದಕ!" ಎಂದೆ. ಗೆದ್ದವಳ ಹಾಗೆ ನಗುತ್ತ ಹೇಳಿದೆ. ಆ ನಗುವಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಅಜ್ಜಿ ಬಿಲ್ಲೆಯನ್ನು ಇಸಿದುಕೊಂಡು ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

"ಈ ಸವಾರ ತನ್ನ ಊರಿಗೆ ಹೊಳ್ಳಿ ಹೋದನೇನ?"

"ಇಲ್ಲೇ ಸತ್ತಿರಬೇಕು. ಹೋಗಿದ್ರ ತಮಗಾ ಬಿಟ್ಟು ಹೋಗ್ತಿದ್ದನೇನ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಜ್ಜಿ ಬಿಲ್ಲೆಯನ್ನು ಸೆರಗಿನಿಂದ ಒರೆಸಿದಳು.

"ಅವರವ್ವಗ ಯಾರರೆ ಸುದ್ದಿ ಮುಟ್ಟಿಸ್ಯಾರೋ ಇಲ್ಲೋ," ಎಂದಳು. "ದಾರಿ ನೋಡಿ ನೋಡಿ ಹೋಗಿರತಾಳ, ಪಾಪ."

ಮಧ್ಯಾಹ್ನ ಹಿರಿಯರ ಎಲೆಗಳ ಪಕ್ಕದಲ್ಲಿ ಬಿಲ್ಲೆಯಿಟ್ಟು, ಅದರ ಮುಂದೆ ತಾನೇ ಒಂದು ಎಲೆ ಹಾಕಿದಳು. "ಇವಗ ಯಾರೂ ಎಡಿ ಇಟ್ಟಿಲ್ಲ," ಎಂದು ಹೋಳಿಗೆ ಬಡಿಸಿದಳು. ಆಮೇಲೆ ನಮ್ಮವ್ವನ ಕಡೆ ಕೈ ಚಾಚಿದಳು.

"ಇನ್ನೊಂದು ಎಲಿ ಕೊಡವ್ವ."

ಯಾರಿಗೆಂದು ಅವ್ವ ಕೇಳಲಿಲ್ಲ. ಆ ಎಲೆಗೂ ಅಜ್ಜಿ ಹೋಳಿಗೆ ಹಾಕಿ, ತುಪ್ಪದ ಗಿಂಡಿಯನ್ನು ಬರಿದಾಗುವವರೆಗೂ ಬಗ್ಗಿಸಿದಳು.

"ಅವಗ ತುಪ್ಪ ಭಾಳ ಬೇಕಾಗ್ತಿತ್ತು," ಎಂದಳು.