ಆರನೆಯ ಹೆಸರು

ನಮ್ಮೂರ ಚರ್ಚಿನ ಅಂಗಳದಲ್ಲಿ ಒಂದು ಕಪ್ಪುಕಲ್ಲು ನಿಂತಿದೆ. ಐವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಸತ್ತ ಸುತ್ತಿನ ಹಳ್ಳಿಗಳ ಸೈನಿಕರ ನೆನಪಿಗೆ ನೆಟ್ಟದ್ದು. ಅದರಲ್ಲಿ ಆರು ಹೆಸರುಗಳಿವೆ, ಆರನ್ನೂ ಕೊರೆದವನು ನಾನೇ. ಐದು ಮಾತ್ರ ಇರಬೇಕಿತ್ತು.

ಸತ್ತವರಲ್ಲಿ ಒಬ್ಬನೂ ಚರ್ಚಿಗೆ ಸೇರಿದವನಲ್ಲ. ಕಲ್ಲು ತಮ್ಮ ದೇವಸ್ಥಾನದ ಮುಂದೆ ನಿಲ್ಲಬೇಕೆಂದು ಜೀರಹಳ್ಳಿಯವರು, ತಮ್ಮಲ್ಲೇ ನಿಲ್ಲಬೇಕೆಂದು ದೊಡ್ಡಗಾಜನೂರಿನವರು ಹಟ ಹಿಡಿದರು. ಒಂದು ವರ್ಷ ಜಗಳವಾಯಿತು. ಕೊನೆಗೆ ಚರ್ಚಿನ ಫಾದರ್ ರಸ್ತೆಯ ಕಡೆಯ ಮೂಲೆಯನ್ನು ಬಿಟ್ಟುಕೊಟ್ಟರು. ಅಲ್ಲಾದರೆ ಕಾಲೋನಿಯ ಕೂಲಿ ಜನವೂ ಬಂದು ಕೈಮುಗಿಯಬಹುದಿತ್ತು.

ನಾನಾಗ ಕಲ್ಲು ಕ್ವಾರಿಯಲ್ಲಿ ಅಕ್ಷರ ಕೊರೆಯುವ ಕೆಲಸದಲ್ಲಿದ್ದೆ. ಆಳೆತ್ತರದ ಕಲ್ಲು ಆರಿಸಿ ನಕ್ಷೆಯನ್ನೂ ನಾನೇ ಬರೆದೆ. ನಡುವೆ ತಲೆಕೆಳಗಾದ ಬಂದೂಕು, ಅದರ ಹಿಡಿಯ ಮೇಲೆ ಟೋಪಿ, ಬುಡದಲ್ಲಿ ದೀಪದ ಗೂಡು. ಬಂದೂಕಿನ ಎಡಕ್ಕೆ ಮೂರು ಹೆಸರು, ಬಲಕ್ಕೆ ಎರಡು. ಬಲಗಡೆ ಕೆಳಗೆ ಒಂದು ಗೇಣು ಜಾಗ ಖಾಲಿ ಉಳಿಯಿತು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

"ಅಲ್ಲೊಂದು ಹೂವು ಮಾಡಿಬಿಡಿ, ಸಾಕು," ಎಂದರು ಫಾದರ್.

ನನಗೆ ಸಾಕೆನಿಸಲಿಲ್ಲ.

ಕಾಲೋನಿಯ ಒಬ್ಬಳ ಗಂಡನೂ ಆ ಯುದ್ಧಕ್ಕೆ ಹೋಗಿದ್ದ. ನಾನು ಹತ್ತನೆಯ ತರಗತಿ ಓದಿದವನೆಂದು ಅವಳು ಅವನ ಕಾಗದಗಳನ್ನೆಲ್ಲ ನನ್ನ ಹತ್ತಿರವೇ ಓದಿಸುತ್ತಿದ್ದಳು. ಕೊನೆಯ ಕಾಗದ ಮಿಲಿಟರಿ ಆಫೀಸಿನದು. ಅವನು ಕಾಣೆಯಾಗಿದ್ದಾನೆ, ಹುಡುಕುತ್ತಿದ್ದೇವೆ ಎಂದಿತ್ತು. ಇದ್ದದ್ದನ್ನು ಇದ್ದ ಹಾಗೆಯೇ ಓದಿ ಹೇಳಿದ್ದೆ.

"ಸತ್ತೋದ ಅಂತ ಬರ್ದಿಲ್ವಲ್ಲ ಬುದ್ದಿ?"

"ಇಲ್ಲ ಕಣವ್ವ."

ಗುಡಿಸಲು ಸೋರುತ್ತದೆಂದು ಆ ಕಾಗದವನ್ನು ಜೋಪಾನವಾಗಿಡಲು ನನಗೇ ಕೊಟ್ಟು ಹೋಗಿದ್ದಳು.

ಆ ಖಾಲಿ ಜಾಗ ನೋಡುವಾಗ ಅವನ ಹೆಸರು ನೆನಪಾಯಿತು. ಅಳತೆಗೆ ಸರಿಯಾಗಿ ಕೂರುವ ಹೆಸರು. "ಅವನೂ ಸತ್ತ ಅಂತ ಕಾಗ್ದ ಬಂದದೆ, ನಾನೇ ಓದ್ದೆ," ಎಂದು ಊರ ಹಿರಿಯರಿಗೆ ಹೇಳಿದೆ. ಯಾರೂ ಕಾಗದ ಕೇಳಲಿಲ್ಲ. ಕಾಲೋನಿಯವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಕಲ್ಲು ಚೆಂದ ಕಾಣಬೇಕಿತ್ತು, ಅಷ್ಟೇ.

ಕಲ್ಲಿಗೆ ಹಾರ ಹಾಕಿದ ದಿನ ಸಂಜೆಯೇ ಅವಳ ಬೀದಿಯ ಹೆಂಗಸರು ಅವಳ ಬಳೆ ಒಡೆದರು, ಕುಂಕುಮ ಅಳಿಸಿದರು. ಮರುದಿನ ಬರಿಹಣೆಯಲ್ಲಿ ನನ್ನ ಬಾಗಿಲಿಗೆ ಬಂದಳು.

"ಇನ್ನೊಂದ್ ಕಾಗ್ದ ಬಂದಿತ್ತಾ ಬುದ್ದಿ? ನಂಗ್ಯಾಕ್ ಓದಿ ಏಳ್ನಿಲ್ಲ?"

"ಏಳಕ್ಕೆ ಬಾಯಿ ಬರ್ನಿಲ್ಲ ಕಣವ್ವ," ಎಂದೆ.

ಅವಳು ತಿರುಗಿ ಹೋದ ಮೇಲೆ ಆ ಹಳೆಯ ಕಾಗದವನ್ನು ಒಲೆಗೆ ಹಾಕಿದೆ. ಅವಳಿಗಾಗ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಆಮೇಲೆ ಅವನೂ ಬರಲಿಲ್ಲ, ಅವನ ಸುದ್ದಿಯೂ ಬರಲಿಲ್ಲ.

ಈಗ ಅವಳು ಮೈದುನನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ಕಣ್ಣು ಕಾಣುವುದಿಲ್ಲ. ಹೋದ ತಿಂಗಳು ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಅಂಗಾರೆ ಇಷ್ಟ್ ವರ್ಸ ನಾನ್ ಯಾರ್ಗೆ ಮುಂಡೆ ಆಗಿದ್ದೆ?" ಎಂದಳು.

"ಆ ಎಸ್ರ ತೆಗಿ. ತೆಗ್ದ್ ಬುಟ್ಟು ಬಂದು ಏಳು. ನಾನು ಕುಂಕುಮ ಇಕ್ಕಂಡು ಓಯ್ತೀನಿ."

ಮರುದಿನ ಬೆಳಿಗ್ಗೆ ಹಳೆಯ ಉಳಿ ಸುತ್ತಿಗೆ ಹಿಡಿದು ಚರ್ಚಿನ ಅಂಗಳಕ್ಕೆ ಹೋದೆ. ಮೊದಲ ಅಕ್ಷರದ ಪಕ್ಕದಲ್ಲಿ ನಾಲ್ಕು ಪೆಟ್ಟು ಬಿದ್ದಿರಬೇಕು, ಯಾರೋ ಹಿಂದಿನಿಂದ ಸುತ್ತಿಗೆ ಹಿಡಿದರು. ಅವಳ ಮೈದುನ. ಅವನಿಗೂ ಎಪ್ಪತ್ತರ ಹತ್ತಿರ.

"ಏನಣ್ಣ, ಬರ್ದವನೂ ನೀನೇ, ಅಳ್ಸವನೂ ನೀನೇನಾ?"

ನಾನು ಅವನಿಗೂ ಹೇಳಿದೆ. ಸುಳ್ಳು, ಕಾಗದ, ಒಲೆ, ಎಲ್ಲವನ್ನೂ. ಅವನು ಕಲ್ಲಿನ ಕಡೆಯೇ ನೋಡುತ್ತಿದ್ದ.

"ಮಿಕ್ಕಿದ್ ಐದೂ ಒಲ ಇರೋರ ಮನೇವು. ನಮ್ಮಪ್ಪ ಅವ್ರ ಒಲ ಉತ್ತೇ ಸತ್ತ. ಅವ್ರ ಎಸ್ರ ಪಕ್ಕ ನಮ್ಮೆಸ್ರು ಇರೋದು ಈ ಸೀಮೇಲಿ ಇದೊಂದೇ ಕಲ್ನಲ್ಲಿ ಕಣಣ್ಣ. ಹಾರ ಆಕೋ ದಿನ ನನ್ ಮೊಮ್ಮಕ್ಕಳು ಮುಂದ್ಗಡೆ ನಿಂತ್ಕತವೆ. ನಮ್ಮತ್ಗೆಗೆ ಏನಾರ ಏಳ್ಕೊ. ಕಲ್ ಮುಟ್ದೆ ಅಂದ್ರೆ ಕೈ ಮುರೀತೀನಿ."

ನಾನು ಉಳಿ ಕೆಳಗಿಟ್ಟೆ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಒಬ್ಬಳಿಂದ ಕಿತ್ತುಕೊಂಡದ್ದನ್ನು ಹಿಂದಿರುಗಿಸಲು ಹೋದರೆ ಒಂದು ಬೀದಿಯಿಂದಲೇ ಕಿತ್ತುಕೊಳ್ಳಬೇಕು. ಆ ಗೇಣು ಜಾಗದಲ್ಲಿ ಹೂವು ಕೊರೆದಿದ್ದರೆ ಆಗುತ್ತಿತ್ತು.

ಇಬ್ಬರೂ ಜೊತೆಯಲ್ಲೇ ಅವನ ಮನೆಗೆ ನಡೆದೆವು. ಆಗಲಿಲ್ಲ ಎಂದು ಹೇಳುವುದಕ್ಕೇ ಹೋದವನು ನಾನು. ಹಾಸಿಗೆಯ ಪಕ್ಕ ಕೂತಾಗ ಅವಳು ತಡವರಿಸಿ ನನ್ನ ಕೈ ಹಿಡಿದಳು. ಬೆರಳ ಸಂದಿಯಲ್ಲಿ, ಉಗುರಿನಲ್ಲಿ ಕಲ್ಲಿನ ಪುಡಿ ಇತ್ತು. ಅದನ್ನು ಎರಡು ಬೆರಳಿನಲ್ಲಿ ಉಜ್ಜಿ ಉಜ್ಜಿ ನೋಡಿದಳು.

"ತೆಗ್ದಾ ಅಣ್ಣ?"

ಅಷ್ಟು ವರ್ಷ ಬುದ್ದಿ ಎಂದವಳು ಅಣ್ಣ ಎಂದಳು. ನಾನು ಬಾಯಿ ಬಿಡಲಿಲ್ಲ. ಮೈದುನ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಿಟ್ಟ. ನನ್ನ ಮುಖ ನೋಡಲಿಲ್ಲ. ಅವಳು ತನ್ನ ಕೈಯಿಂದಲೇ ಇಟ್ಟುಕೊಂಡಳು. ಸ್ವಲ್ಪ ಓರೆಯಾಯಿತು.

ಈಗ ದಿನಾ ಇಟ್ಟುಕೊಳ್ಳುತ್ತಾಳೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಬೀದಿಯಲ್ಲಿ ನಗುತ್ತಾರೆ. ಕಲ್ಲಿನಲ್ಲಿ ಹೆಸರು ಇನ್ನೂ ಇದೆ ಎಂದು ಯಾರಾದರೂ ಅವಳಿಗೆ ಹೇಳಿಬಿಟ್ಟಾರೆಂದು ಬೆಳಗಾದರೆ ಹೋಗಿ ಅವಳ ಬಾಗಿಲಲ್ಲಿ ಕೂರುತ್ತೇನೆ. ಇನ್ನು ಹೆಚ್ಚು ದಿನವಿಲ್ಲ ಎಂದು ನರ್ಸಮ್ಮ ಹೇಳಿದ್ದಾರೆ.

ಅವಳನ್ನು ಕೊನೆಯ ಸಲ ಮೀಯಿಸುವ ಹೆಂಗಸರಿಗೆ ಯಾರಾದರೂ ಇದನ್ನು ಓದಿ ಹೇಳಿ. ಹಣೆ ಒರೆಸಬೇಡಿ. ಅವನು ಸತ್ತನೆಂದು ಯಾವ ಕಾಗದವೂ ಬಂದಿರಲಿಲ್ಲ.